ಚರ್ಚ್ ಸಭೆಯ ಗೆಳೆಯರ ಸಾಲಕ್ಕೆ ಶ್ಯೂರಿಟಿ ಹಾಕಬೇಕಾ?

ಬ್ರದರ್, ಸಭೆಯ ಗೆಳೆಯರು ಟೊಮೆಟೊ ಬೆಳೆಗೆ ಸಾಲ ಮಾಡುತ್ತಿದ್ದಾರೆ, ಶ್ಯೂರಿಟಿ ಹಾಕಲ್ಲ ಅಂದರೆ ಪ್ರೀತಿ ಇಲ್ಲ ಅಂದ ಹಾಗಾಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ.

ಬೈಬಲಿನ ಜ್ಞಾನೋಕ್ತಿ ಪುಸ್ತಕ 22:26-27ರಲ್ಲಿ ನೇರವಾಗಿಯೇ ಎಚ್ಚರಿಸುತ್ತದೆ: ಹೊಣೆ ನಿಂತು ತೀರಿಸಲಾಗದಿದ್ದರೆ ಮಲಗುವ ಹಾಸಿಗೆಯನ್ನೂ ಕಿತ್ತುಕೊಳ್ಳುತ್ತಾರೆ. ಇವತ್ತಿನ ಕಾನೂನೂ ಕಮ್ಮಿ ಇಲ್ಲ. ಅವರು ಕಟ್ಟದಿದ್ದರೆ ಬ್ಯಾಂಕು ಪೂರ್ತಿ ಬಾಕಿಯನ್ನು ನಿಮ್ಮಿಂದಲೇ ಕೇಳಬಹುದು. ಕೋಲಾರದ ಮಂಡಿ ನಿಮಗೆ ಗೊತ್ತೇ ಇದೆಯಲ್ವಾ? ರೇಟು ಬಿದ್ದ ದಿನ 15 ಕೆಜಿ ಬಾಕ್ಸಿಗೆ ಸಿಗುವ ದುಡ್ಡು ಹಣ್ಣು ಬಿಡಿಸಿದ ಕೂಲಿಗೂ ಸಾಲುವುದಿಲ್ಲ. ಅವರು ಎಷ್ಟೇ ಪ್ರಾಮಾಣಿಕರಾದರೂ ರೇಟು ಅವರ ಕೈಯಲ್ಲಿಲ್ಲ.

ಹಾಗಂತ ಸುಮ್ನೆ ಕೈ ತೊಳೆದುಕೊಳ್ಳೋ ಹಾಗೂ ಇಲ್ಲ. ಕೊಡಲು ಶಕ್ತಿ ಇರುವಾಗ ‘ನಾಳೆ ಬಾ’ ಅನ್ನಬೇಡ ಅಂತ ಅದೇ ಜ್ಞಾನೋಕ್ತಿ 3:27-28ರಲ್ಲಿದೆ. ವಾಪಸ್ ಬರದಿದ್ದರೂ ಮನೆ ನಡೆಯುತ್ತೆ ಅನ್ನುವಷ್ಟು ದುಡ್ಡು ಕೈಯಲ್ಲೇ ಕೊಡಿ, ಸಸಿಗೋ ಗೊಬ್ಬರಕ್ಕೋ ಆಗುತ್ತದೆ. ಮನೆಯವರಿಗೆ ಹೇಳಿಯೇ ಕೊಡಿ.

ಈಗಾಗಲೇ ಹ್ಞೂಂ ಅಂದುಬಿಟ್ಟಿದ್ದರೆ ಜ್ಞಾನೋಕ್ತಿಯ 6ನೇ ಅಧ್ಯಾಯ ಓದಿ: ನಿದ್ದೆಗೂ ಮುಂಚೆ ಹೋಗಿ ಬಿಡಿಸಿಕೋ ಅನ್ನುತ್ತದೆ. ಸಹಿ ಬಿದ್ದ ಮೇಲೆ ಬ್ಯಾಂಕು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಫೋನಲ್ಲಿ ಹೇಳಬೇಡಿ, ಅವರ ತೋಟಕ್ಕೇ ಹೋಗಿ ಹೇಳಿ.