ರೋಟರಿ ಕ್ಲಬ್ಬಿನ ಸಭೆಯಲ್ಲಿ ನನ್ನ ವೃತ್ತಿಯ ಬಗ್ಗೆ ಏನು ಮಾತನಾಡಲಿ?

ನೀವು ತಾಲ್ಲೂಕು ಕೇಂದ್ರವೊಂದರಲ್ಲಿ ಸುಟ್ಟ ಮೋಟಾರುಗಳ ತಂತಿಸುರುಳಿಯನ್ನು ಹೊಸದಾಗಿ ಸುತ್ತಿಕೊಡುವ ಮೋಟಾರ್ ರೀವೈಂಡಿಂಗ್ ಅಂಗಡಿ ನಡೆಸುತ್ತಿದ್ದೀರಿ. ಹೊಸದಾಗಿ ಸೇರಿದ ರೋಟರಿ ಕ್ಲಬ್ಬಿನಲ್ಲಿ ಮುಂದಿನ ವಾರ ಇಪ್ಪತ್ತು ನಿಮಿಷ ನಿಮ್ಮ ವೃತ್ತಿಜೀವನದ ಬಗ್ಗೆ ಮಾತನಾಡಬೇಕಾಗಿದೆ. ವೈದ್ಯರು, ವಕೀಲರು ಕುಳಿತಿರುವ ಸಭೆಯಲ್ಲಿ ಹೇಳಿಕೊಳ್ಳುವಂಥದ್ದು ನನ್ನ ಬಳಿ ಏನಿದೆ ಎಂದು ಕೇಳಿದ್ದೀರಿ. ಮೂವತ್ತು ವರ್ಷ ಮುದ್ರಣಾಲಯ ನಡೆಸಿದ, ಇಂಥದೇ ಕ್ಲಬ್ಬೊಂದರ ಹಳೆಯ ಸದಸ್ಯನಾಗಿ ಉತ್ತರಿಸುತ್ತಿದ್ದೇನೆ.

ಈ ಸಂಕೋಚಕ್ಕೆ ಕಾರಣವಿಲ್ಲ. 1905ರ ಫೆಬ್ರವರಿ 23ರಂದು ಶಿಕಾಗೋ ನಗರದ ಕಚೇರಿಯೊಂದರಲ್ಲಿ ರೋಟರಿಯ ಮೊದಲ ಸಭೆಗೆ ಸೇರಿದ ನಾಲ್ವರಲ್ಲಿ ಪಾಲ್ ಹ್ಯಾರಿಸ್ ವಕೀಲರು, ಗುಸ್ತಾವಸ್ ಲೋರ್ ಗಣಿ ಎಂಜಿನಿಯರ್, ಸಿಲ್ವೆಸ್ಟರ್ ಶೀಲ್ ಕಲ್ಲಿದ್ದಲು ವ್ಯಾಪಾರಿ, ಹೈರಮ್ ಶೋರಿ ಬಟ್ಟೆ ಹೊಲಿಸಿಕೊಡುವ ವ್ಯಾಪಾರಿ. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸಭೆ ಸೇರುತ್ತಿದ್ದುದರಿಂದಲೇ ರೋಟರಿ ಎಂಬ ಹೆಸರು ಬಂತು. ಒಂದು ವೃತ್ತಿಗೆ ಒಬ್ಬರೇ ಸದಸ್ಯರು ಎಂಬ ಅಂದಿನ ನಿಯಮ ಈಗ ಸಡಿಲವಾಗಿದೆ. ಆದರೆ ಬೇರೆ ಬೇರೆ ಕಸುಬಿನವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯಬೇಕೆಂಬ ಅದರ ಆಶಯ ಈ ವೃತ್ತಿ ಪರಿಚಯದ ಭಾಷಣದಲ್ಲಿ ಉಳಿದುಕೊಂಡಿದೆ.

ನನ್ನ ಮೊದಲ ಭಾಷಣದಲ್ಲಿ ನಾನು ಓದಿದ್ದು, ಸಾಲ ಮಾಡಿದ್ದು, ಯಾವ ವರ್ಷ ಯಾವ ಯಂತ್ರ ಕೊಂಡೆ ಎಂಬುದನ್ನೆಲ್ಲ ಕ್ರಮವಾಗಿ ಹೇಳಿದೆ. ಎಲ್ಲರೂ ಸೌಜನ್ಯದಿಂದ ಕೇಳಿದರು; ಒಬ್ಬರೂ ಪ್ರಶ್ನೆ ಕೇಳಲಿಲ್ಲ. ಕೆಲವು ವರ್ಷಗಳ ನಂತರ ಮತ್ತೆ ಅವಕಾಶ ಬಂದಾಗ ಒಂದು ಲಗ್ನಪತ್ರಿಕೆಯ ವಿಷಯವನ್ನು ಮಾತ್ರ ಹೇಳಿದೆ. ಅದು ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಕೈಯಿಂದ ಜೋಡಿಸುತ್ತಿದ್ದ ಕಾಲ. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುವುದರಿಂದ ಓದುವ ಕಣ್ಣಿಗೆ ಬೇರೆಯೇ ಅಭ್ಯಾಸ ಬೇಕಾಗುತ್ತಿತ್ತು. ಪ್ರತಿಗಳನ್ನು ಮದುವೆ ಮನೆಯವರಿಗೆ ಒಪ್ಪಿಸಿ, ಸಂಜೆ ಮೊಳೆಗಳನ್ನು ಬಿಚ್ಚಿ ಮತ್ತೆ ಕೇಸಿಗೆ, ಅಂದರೆ ಮೊಳೆಗಳನ್ನಿಡುವ ಮರದ ಪೆಟ್ಟಿಗೆಗೆ, ತುಂಬುವಾಗ, 21 ಆಗಬೇಕಿದ್ದ ತಾರೀಖು 12 ಎಂದು ಜೋಡಣೆಯಾಗಿದ್ದುದು ಕಣ್ಣಿಗೆ ಬಿತ್ತು. ಕರಡು ತಿದ್ದಿದವನು ನಾನೇ. ತಿಥಿ, ವಾರಗಳು ಸರಿಯಾಗಿದ್ದವು, ಓದಿದವರು ಸರಿಮಾಡಿಕೊಳ್ಳುತ್ತಾರೆ ಎಂದು ಸುಮ್ಮನಿರಬಹುದಿತ್ತು, ಮನಸ್ಸು ಹಾಗೆ ಹೇಳಿದ್ದೂ ನಿಜ. ಕತ್ತಲಾದ ಮೇಲೆ ಸೈಕಲ್ಲಿನಲ್ಲಿ ಅವರ ಮನೆಗೆ ಹೋದಾಗ, ಹೆಣ್ಣುಮಕ್ಕಳು ಕುಳಿತು ಪತ್ರಿಕೆಗಳ ಅಂಚಿಗೆ ಅರಿಸಿನ ಹಚ್ಚುತ್ತಿದ್ದರು. ಅಷ್ಟನ್ನೂ ವಾಪಸು ತಂದು, ರಾತ್ರಿಯಿಡೀ ಕುಳಿತು, ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿಕೊಟ್ಟೆ. ಇದನ್ನು ಹೇಳಿ ಮುಗಿಸಿದ ಮೇಲೆ ನಮ್ಮ ಕ್ಲಬ್ಬಿನ ಶಸ್ತ್ರವೈದ್ಯರೊಬ್ಬರು ಎದ್ದು, ತಮ್ಮ ಕೆಲಸದಲ್ಲಿ ಕರಡು ತಿದ್ದುವುದು ಎಂದರೆ ಏನು ಎಂಬುದನ್ನು ಬಹಳ ಹೊತ್ತು ವಿವರಿಸಿದರು. ಅಂಥ ಸಂಭಾಷಣೆ ನಮ್ಮ ಸಭೆಯಲ್ಲಿ ಅದಕ್ಕೆ ಮೊದಲು ನಡೆದಿರಲಿಲ್ಲ.

ಆದ್ದರಿಂದ ಸಾಧನೆಗಳನ್ನು ಪಟ್ಟಿಮಾಡದೆ ಕೆಲಸವನ್ನೇ ಹೇಳಿ ಎಂಬುದು ನನ್ನ ಸಲಹೆ. ಬೇಸಿಗೆಯಲ್ಲಿ ಕೊಳವೆಬಾವಿಯ ಮೋಟಾರ್ ಸುಟ್ಟುಹೋಗಿ, ಒಣಗುತ್ತಿರುವ ತೋಟವನ್ನು ಬಿಟ್ಟು ನಿಮ್ಮ ಅಂಗಡಿಯ ಮುಂದೆ ಕಾಯುವ ರೈತನ ಮುಖವನ್ನು ನಿಮ್ಮಷ್ಟು ಹತ್ತಿರದಿಂದ ಆ ಸಭೆಯಲ್ಲಿ ಬೇರೆ ಯಾರೂ ನೋಡಿರಲಾರರು. ಮೂರು ಫೇಸಿನಲ್ಲಿ ಒಂದು ಹೋದರೆ ಉಳಿದೆರಡರಲ್ಲಿ ವಿದ್ಯುತ್ ಪ್ರವಾಹ ಹೆಚ್ಚಿ ಸುರುಳಿ ಹೇಗೆ ಬಿಸಿಯಾಗುತ್ತದೆ, ಸುಟ್ಟ ಸುರುಳಿಯನ್ನು ಕಿತ್ತು ಸುತ್ತುಗಳನ್ನು ಹೇಗೆ ಎಣಿಸುತ್ತೀರಿ, ಆ ಎಣಿಕೆಯನ್ನು ನಿಮಗೆ ಕಲಿಸಿದವರು ಯಾರು ಎಂಬುದನ್ನು ಬಿಡಿಸಿ ಹೇಳಿ. ಕಲಿಸಿದವರ ವಿಷಯಕ್ಕೆ ಸಮಯ ಉಳಿಸಿಕೊಳ್ಳಿ. ಗುರುವಿನ ಹೆಸರು ಹೇಳುವಾಗ ಎಂಥವರ ಮಾತಿಗೂ ಜೀವ ಬರುವುದನ್ನು ನಾನು ಕಂಡಿದ್ದೇನೆ.

ನಿಮ್ಮ ಕಸುಬಿನ ಕಠಿಣವಾದ ಜಾಗವನ್ನು ಮಾತ್ರ ಬಿಡಬೇಡಿ. ಮೋಟಾರನ್ನು ಮುಚ್ಚಿದ ಮೇಲೆ ಒಳಗೆ ಯಾವ ಗೇಜಿನ, ಅಂದರೆ ಎಷ್ಟು ದಪ್ಪದ, ತಂತಿ ಇದೆ, ತಾಮ್ರದ್ದೇ ಅಥವಾ ಅಲ್ಯೂಮಿನಿಯಂನದೇ ಎಂಬುದು ಗಿರಾಕಿಗೆ ಕಾಣುವುದಿಲ್ಲ. ಕಾಣದ ಆ ಜಾಗದಲ್ಲಿ ನೀವು ಏನು ಮಾಡುತ್ತೀರಿ, ಅದರಿಂದ ಎಷ್ಟು ಗಿರಾಕಿಗಳನ್ನು ಕಳೆದುಕೊಂಡಿರಿ ಎಂದು ನೇರವಾಗಿ ಹೇಳಿ. ಕ್ಲಬ್ಬುಗಳಲ್ಲಿ ಓದಿ ಹೇಳುವ ಫೋರ್ ವೇ ಟೆಸ್ಟ್ ಎಂಬ ನಾಲ್ಕು ಪ್ರಶ್ನೆಗಳ ಪರೀಕ್ಷೆ ಹುಟ್ಟಿದ್ದೂ ಅಂಗಡಿಯ ಕಷ್ಟದಿಂದಲೇ: 1932ರಲ್ಲಿ ಶಿಕಾಗೋದ ಹರ್ಬರ್ಟ್ ಟೇಲರ್, ದಿವಾಳಿಯ ಅಂಚಿನಲ್ಲಿದ್ದ ಅಲ್ಯೂಮಿನಿಯಂ ಪಾತ್ರೆಗಳ ಕಂಪನಿಯೊಂದನ್ನು ಉಳಿಸಲು ಹೊರಟಾಗ ಆ ನಾಲ್ಕು ಪ್ರಶ್ನೆಗಳನ್ನು ಬರೆದುಕೊಂಡರು. ಇದು ಸತ್ಯವೇ ಎಂಬುದು ಅವುಗಳಲ್ಲಿ ಮೊದಲನೆಯದು.

ಸುಟ್ಟ ಸುರುಳಿಯೊಂದನ್ನೂ ಹೊಸದಾಗಿ ಸುತ್ತಿದ ಸುರುಳಿಯೊಂದನ್ನೂ ಒಯ್ದು ಸಭಿಕರ ಕೈಗೆ ಕೊಡಿ. ಹನ್ನೆರಡು ನಿಮಿಷಕ್ಕೆ ಮಾತು ನಿಲ್ಲಿಸಿ, ಉಳಿದ ಎಂಟು ನಿಮಿಷವನ್ನು ಪ್ರಶ್ನೆಗಳಿಗೆ ಬಿಡಿ. ಹೊಲ, ತೋಟ ಇರುವ ವಕೀಲರು ತಮ್ಮ ಪಂಪಿನ ವಿಷಯವನ್ನೇ ಮೊದಲು ಕೇಳುತ್ತಾರೆ.