ಗೋಳಗುಚ್ಛದ ಮಿಡಿಯುವ ನಕ್ಷತ್ರ ಅಳೆಯೋಕೆ ಅಷ್ಟು ವೇಗದ ಕ್ಯಾಮೆರಾ ಬೇಕಾ?

8 ಇಂಚಿನ ಟೆಲಿಸ್ಕೋಪ್ ಇದೆ, ಎಂ3 ಗೋಳಗುಚ್ಛದ (ಲಕ್ಷಾಂತರ ನಕ್ಷತ್ರಗಳು ಚೆಂಡಿನಂತೆ ಒತ್ತೊತ್ತಾಗಿ ಸೇರಿದ ಗುಂಪು) ಮಿಡಿಯುವ ನಕ್ಷತ್ರಗಳ ಬೆಳಕಿನ ಏರಿಳಿತ ಅಳೆಯೋಕೆ ಸೆಕೆಂಡಿಗೆ ಹತ್ತಾರು ಫ್ರೇಮ್ ತೆಗೆಯಲೇಬೇಕಾ ಅಂತ ಕೇಳಿದ್ದೀರಿ. ಬೇಡ. ನಾನೂ ಮೊದಲು ಹಾಗೇ ಅಂದುಕೊಂಡು ಒಂದಿಡೀ ರಾತ್ರಿ ಹಾಳು ಮಾಡಿಕೊಂಡೆ. ಅರ್ಧ ಸೆಕೆಂಡಿನ ಸಾವಿರಾರು ಫ್ರೇಮ್ ಸೇರಿ ಡಿಸ್ಕ್ ತುಂಬಿತು, ಬೇಕಿದ್ದ ನಕ್ಷತ್ರ ಮಾತ್ರ ಕ್ಯಾಮೆರಾದ ಗದ್ದಲದಲ್ಲೇ (ಚಿತ್ರದಲ್ಲಿ ಬರೋ ಕಾಳುಕಾಳು ಕಲೆಗಳಲ್ಲಿ) ಮುಳುಗಿಹೋಗಿತ್ತು.

ಎಂ3ರಲ್ಲಿ 200ಕ್ಕೂ ಜಾಸ್ತಿ ಆರ್‌ಆರ್ ಲೈರೆ ಅನ್ನೋ ಜಾತಿಯ ಮಿಡಿಯುವ ನಕ್ಷತ್ರಗಳಿವೆ, ಕಾಂತಿಮಾನ (ಬೆಳಕಿನ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ನಕ್ಷತ್ರ ಮಂಕು) ಸುಮಾರು 15.6. ಹೆಚ್ಚಿನವಕ್ಕೆ ಒಮ್ಮೆ ಉಬ್ಬಿ ಕುಗ್ಗೋಕೆ 13 ಗಂಟೆ ಹತ್ತಿರ ಬೇಕು, ಇನ್ನು ಕೆಲವಕ್ಕೆ 8 ಗಂಟೆ ಸಾಕು. ಮಂಕಾಗುವುದು ನಿಧಾನ, ಬೆಳಗುವುದು ಮಾತ್ರ ಸರ್ರಂತ, ಒಂದೆರಡು ಗಂಟೆಯೊಳಗೆ. ಆ ಏರು ಸಿಕ್ಕರೆ ಸಾಕು, ಅದಕ್ಕೆ 30 ಸೆಕೆಂಡಿನ ಫ್ರೇಮ್‌ಗಳೇ ಧಾರಾಳ. ಹಾರ್ವರ್ಡ್‌ನ ಸೋಲನ್ ಬೇಲಿ 1890ರ ದಶಕದಲ್ಲಿ ಗಾಜಿನ ಪ್ಲೇಟು ಹಿಡಿದುಕೊಂಡೇ ಇಂಥವನ್ನು ನೂರಾರು ಪತ್ತೆ ಮಾಡಿದ್ದರು ಅಲ್ವಾ!

ನಿಜವಾದ ತಲೆನೋವು ನಕ್ಷತ್ರಗಳ ಜಂಗುಳಿ. ಬೆಳಕು ಅಳೆಯೋಕೆ ನಕ್ಷತ್ರದ ಸುತ್ತ ನೀವು ಎಳೆಯೋ ವೃತ್ತದೊಳಗೆ ಪಕ್ಕದ ನಕ್ಷತ್ರವೂ ನುಸುಳಿದರೆ ಲೆಕ್ಕವೆಲ್ಲ ಕೆಡುತ್ತದೆ. ನಿಮ್ಮ ನಕ್ಷತ್ರ ಒಂದು ಕಾಂತಿಮಾನದಷ್ಟು ಜಾಸ್ತಿ ಬೆಳಗಿತು ಅಂದುಕೊಳ್ಳಿ, ಅಂದರೆ ಬೆಳಕು 1ರಿಂದ 2.5ಕ್ಕೆ ಹೋಯಿತು. ಪಕ್ಕದವನದ್ದೂ 1 ಸೇರಿಕೊಂಡರೆ 2ರಿಂದ 3.5 ಆಗುತ್ತದೆ, ಏರಿಕೆ ಬರೀ 0.6 ಕಾಂತಿಮಾನ. ಆ ಪಕ್ಕದವನು ಎರಡು ಕಾಂತಿಮಾನ ಜಾಸ್ತಿ ಬೆಳಗೋ ಕೆಂಪು ದೈತ್ಯನಾಗಿದ್ದರೆ 0.2 ಉಳಿದರೆ ಹೆಚ್ಚು. ಗ್ರಾಫ್ ನೋಡಲು ಚೆನ್ನಾಗೇ ಇರುತ್ತದೆ, ಅದೇ ಅಪಾಯ.

ವೇಗದ ಫ್ರೇಮ್ ಕೆಲಸಕ್ಕೆ ಬರೋದು ಇಲ್ಲೇ. ನಕ್ಷತ್ರ ಬೇಗ ಮಿಡಿಯುತ್ತೆ ಅಂತಲ್ಲ, ನಮ್ಮ ಗಾಳಿ ಸುಮ್ನಿರಲ್ಲ, ಅಲುಗಾಡಿ ಚಿತ್ರ ಮಸುಕು ಮಾಡುತ್ತೆ ಅಂತ. ಚಿಲಿಯ ಲಾ ಸಿಯಾ ವೀಕ್ಷಣಾಲಯದಲ್ಲಿರೋ 1.54 ಮೀಟರಿನ ಡೇನಿಶ್ ಟೆಲಿಸ್ಕೋಪ್‌ನಲ್ಲಿ ಸೆಕೆಂಡಿಗೆ 10 ಫ್ರೇಮ್ ತೆಗೆದು, ಚೂಪಾಗಿ ಬಂದವನ್ನು ಆರಿಸಿ ಸರಿಸಿ ಕೂಡಿಸಿ, ಗುಚ್ಛಗಳ ನಡುಮಧ್ಯದಲ್ಲೂ ಹೊಸ ಚರನಕ್ಷತ್ರಗಳನ್ನು (ಬೆಳಕು ಏರಿಳಿಯುವವನ್ನು) ಹುಡುಕಿದ್ದಾರೆ. ಅಲ್ಲಿ ದೊಡ್ಡ ಕನ್ನಡಿ ಇದೆ, ಚಿತ್ರವನ್ನು ಓದಿ ತೆಗೆಯುವಾಗ ಹೆಚ್ಚುಕಡಿಮೆ ಗದ್ದಲವನ್ನೇ ಸೇರಿಸದಂಥ ಕ್ಯಾಮೆರಾ ಇದೆ. ನಮ್ಮ 8 ಇಂಚಿನಲ್ಲಿ ಅದೇ ಆಟ ಆಡೋಕೆ ಹೋದರೆ ಬೆಳಕೇ ಸಾಲಲ್ಲ. ಒಂದೆರಡು ಗಂಟೆಯಲ್ಲೇ ಮಿಡಿಯೋ ಎಸ್‌ಎಕ್ಸ್ ಫೀನಿಸಿಸ್ ಥರದವೂ ಈ ಗುಚ್ಛಗಳಲ್ಲಿವೆ, ಆದರೆ ಅವು ಇನ್ನೂ ಮಂಕು, ಸದ್ಯಕ್ಕೆ ಬಿಟ್ಟುಬಿಡಿ.

ಹಾಗಾಗಿ ನಡುವಿಗೆ ಕೈ ಹಾಕಬೇಡಿ, ಅಂಚಿನಲ್ಲಿ ಒಂಟಿಯಾಗಿರೋ ಒಂದನ್ನು ಹಿಡಿಯಿರಿ. ಹೆಚ್ಚಾಗಿ ಹಸಿರು ಬೆಳಕನ್ನೇ ಬಿಡೋ ವಿ ಫಿಲ್ಟರ್ ಹಾಕಿ, ಕಂಪ್ಯೂಟರಿನ ಗಡಿಯಾರ ಸರಿ ಮಾಡಿಕೊಳ್ಳಿ, ನಾಲ್ಕೈದು ಗಂಟೆ ಬಿಡದೆ ತೆಗೆಯಿರಿ. ಹೋಲಿಸಿ ನೋಡೋಕೆ ಬೆಳಕು ಬದಲಾಗದ, ಬಣ್ಣದಲ್ಲೂ ಹತ್ತಿರ ಇರೋ ನಕ್ಷತ್ರಗಳು ಎರಡು ಮೂರು ಇರಲಿ, ಯಾಕಂದ್ರೆ ಒಂದೇ ಇದ್ದು ಅದೇ ಚರನಕ್ಷತ್ರ ಆಗಿಬಿಟ್ಟರೆ ಕಥೆ ಮುಗೀತು (ಎಂ3ರಲ್ಲಿ ಇದು ಜೋಕ್ ಅಲ್ಲ).

ಅಳೆಯೋಕೆ ಮೊದಲು ರಾತ್ರಿಯ ಮೊದಲ ಫ್ರೇಮನ್ನೂ ಕೊನೆಯದನ್ನೂ ಒಂದರ ಮೇಲೊಂದಿಟ್ಟು ಬದಲಾಯಿಸಿ ಬದಲಾಯಿಸಿ ನೋಡಿ. ನನಗೆ ಹಾಗೆ ನೋಡಿದಾಗ ಗುಚ್ಛದ ಅಂಚಲ್ಲಿ ಏಳೆಂಟು ಚುಕ್ಕಿ ಕಣ್ಣು ಮಿಟುಕಿಸಿದವು, ಗ್ರಾಫಿಗೆ ಕೂತಿದ್ದು ಅದಾದ ಮೇಲೇ.