ಐದು ದಿನ ನಿಲ್ಲಿಸಿದರೆ ಕಾರಿನ ಬ್ಯಾಟರಿ ಪೂರ್ತಿ ಇಳಿದುಹೋಗುತ್ತದೆ. ಕರೆಂಟ್ ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚುವುದು ಹೇಗೆ?

ನೀವು ಹೇಳಿರುವುದು ಇಷ್ಟು: ಚಿಕ್ಕ ಪೆಟ್ರೋಲ್ ಕಾರು, 35 ಆಂಪಿಯರ್-ಅವರ್ ಬ್ಯಾಟರಿ, ಹೊಸದು ಹಾಕಿಸಿ ಮೂರು ತಿಂಗಳು. ದಿನಾ ಓಡಿಸಿದರೆ ತೊಂದರೆ ಇಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಐದು ದಿನ ನಿಂತರೆ ಸೆಲ್ಫ್ ಹೊಡೆಯುವುದಿಲ್ಲ. ಸ್ಟೀರಿಯೊ, ಡ್ಯಾಶ್‌ಕ್ಯಾಮ್ ಎರಡೂ ಹೊರಗಡೆ ಹಾಕಿಸಿದ್ದು. ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಸರಿಯಾಗಿದೆ ಎಂದು ಗ್ಯಾರೇಜಿನವರು ಹೇಳಿದ್ದಾರೆ.

ಮೀಟರ್ ಹಿಡಿಯುವ ಮೊದಲು ಒಂದು ಲೆಕ್ಕ ಹಾಕಿ. ಕಾರು ಆಫ್ ಆಗಿದ್ದಾಗಲೂ ಗಡಿಯಾರ, ಲಾಕ್ ರಿಸೀವರ್, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮೆಮೊರಿ ಇವಕ್ಕೆ ಸ್ವಲ್ಪ ಕರೆಂಟ್ ಬೇಕೇ ಬೇಕು. 20ರಿಂದ 50 ಮಿಲಿಆಂಪಿಯರ್ ಸಹಜ. 50 ಮಿಲಿ ಎಂದರೆ ದಿನಕ್ಕೆ 1.2 ಆಂಪಿಯರ್-ಅವರ್, ಐದು ದಿನಕ್ಕೆ 6. ಇಷ್ಟಕ್ಕೆ ತುಂಬಿದ ಒಳ್ಳೆಯ ಬ್ಯಾಟರಿ ಕೈಕೊಡುವುದಿಲ್ಲ. 35ರಲ್ಲಿ ಸುಮಾರು 25 ಖಾಲಿಯಾದಾಗ ಸೆಲ್ಫ್ ಕೈಕೊಡುತ್ತದೆ ಎಂದಿಟ್ಟುಕೊಳ್ಳಿ. ಐದು ದಿನ ಎಂದರೆ 120 ಗಂಟೆ. 25ನ್ನು 120ರಿಂದ ಭಾಗಿಸಿದರೆ 0.2 ಆಂಪಿಯರ್, ಅಂದರೆ 200 ಮಿಲಿ. ನೀವು ಹುಡುಕಬೇಕಾದ್ದು ಇಷ್ಟು ಗಾತ್ರದ ಸೋರಿಕೆ.

ಈ ಒಂದು ಸಂಖ್ಯೆಯಿಂದಲೇ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ಪಾರ್ಕಿಂಗ್ ಲೈಟ್ ಉರಿಯುತ್ತಲೇ ಉಳಿದಿದ್ದರೆ ಒಂದೇ ರಾತ್ರಿಗೆ ಕಥೆ ಮುಗಿಯುತ್ತಿತ್ತು. ಡಿಕ್ಕಿಯ 5 ವ್ಯಾಟ್ ಬಲ್ಬ್ 0.4 ಆಂಪಿಯರ್ ಎಳೆಯುತ್ತದೆ, ಎರಡೂವರೆ ದಿನಕ್ಕೇ ಸೆಲ್ಫ್ ನಿಲ್ಲುತ್ತಿತ್ತು. ಆಂಪ್ಲಿಫೈಯರ್ ಆನ್ ಆಗಿಯೇ ಇದ್ದರೂ ಹೆಚ್ಚುಕಡಿಮೆ ಅಷ್ಟೇ ದಿನ, ಇಲ್ಲವೇ ಇನ್ನೂ ಬೇಗ. ಐದು ದಿನ ತಡೆಯುತ್ತದೆ ಎಂದರೆ ಪಾರ್ಕಿಂಗ್ ಮೋಡ್‌ನಲ್ಲಿರುವ (ಕಾರು ನಿಂತಿದ್ದಾಗಲೂ ಕೆಲಸ ಮಾಡುವ) ಡ್ಯಾಶ್‌ಕ್ಯಾಮ್, ನಿದ್ದೆಗೆ ಹೋಗದ ಸ್ಟೀರಿಯೊ, ಎಚ್ಚರವಾಗಿಯೇ ಉಳಿದ ಯಾವುದೋ ಕಂಟ್ರೋಲ್ ಮಾಡ್ಯೂಲ್ (ಕಾರಿನ ಒಂದೊಂದು ಭಾಗವನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ), ಆಲ್ಟರ್ನೇಟರಿನೊಳಗೆ ಸೋರುವ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ), ಇಲ್ಲವೇ ಮೂರು-ನಾಲ್ಕು ಸಣ್ಣಪುಟ್ಟವು ಒಟ್ಟು ಸೇರಿದ್ದು.

ಆದರೆ ಈ ಲೆಕ್ಕ ನಿಲ್ಲುವುದು ಐದು ದಿನದ ಮೊದಲು ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ. ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಓಡುವ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಅರ್ಧಂಬರ್ಧವೇ ಇರುತ್ತದೆ. 60 ಶೇಕಡದಿಂದ ಶುರುವಾಗಿದ್ದರೆ 90 ಮಿಲಿ ಸೋರಿದರೂ ಐದೇ ದಿನ. ಹಾಗಾಗಿ ಮೊದಲ ಕೆಲಸ ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್. 35 ಆಂಪಿಯರ್-ಅವರ್‌ಗೆ ಸುಮಾರು 3.5 ಆಂಪಿಯರ್‌ನಂತೆ ರಾತ್ರಿಯಿಡೀ. ಆಮೇಲೆ ಮೈನಸ್ ಟರ್ಮಿನಲ್ ಬಿಚ್ಚಿ ಪಕ್ಕಕ್ಕೆ ಸರಿಸಿ, ನಾಲ್ಕೈದು ಗಂಟೆ ಬಿಟ್ಟು ವೋಲ್ಟೇಜ್ ನೋಡಿ. ಚಾರ್ಜರ್ ತೆಗೆದ ತಕ್ಷಣ ನೋಡಿದರೆ 13ರ ಮೇಲೆ ತೋರಿಸುತ್ತದೆ, ಅದು ಬರೀ ಮೇಲ್ಮೈ ಚಾರ್ಜ್. ವಿಶ್ರಾಂತಿಯ ನಂತರ 12.6 ಅಥವಾ ಮೇಲಿದ್ದರೆ ತುಂಬಿದೆ, 12.4 ಮುಕ್ಕಾಲು, 12.2 ಅರ್ಧ, 12.0 ಎಂದರೆ ಕಾಲು ಭಾಗ. ಹಾಗೆಯೇ ಬಿಚ್ಚಿಟ್ಟು ಎರಡು ದಿನ ಬಿಡಿ. ಕಾರಿಗೆ ಸಂಪರ್ಕವೇ ಇಲ್ಲದೆ 12.6 ಇದ್ದದ್ದು 12.3ಕ್ಕೆ ಬಂದರೆ ತಪ್ಪು ಬ್ಯಾಟರಿಯದೇ. ವೈರಿಂಗ್ ಕೆದಕುವ ಬದಲು ವಾರಂಟಿ ಕಾರ್ಡ್ ಹುಡುಕಿ. ಅಲ್ಲಾಡದೆ ನಿಂತರೆ ಕಾರೇ ಎಳೆಯುತ್ತಿದೆ ಎಂದರ್ಥ. ಹೊಸ ಬ್ಯಾಟರಿ ಕೆಟ್ಟಿರಲಾರದು ಎಂದು ನಂಬಬೇಡಿ. ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಇಳಿದು ಹಾಗೇ ಕೂತಾಗಲೆಲ್ಲ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಸಾಮರ್ಥ್ಯದ ಒಂದು ಪಾಲು ಮರಳಿ ಬರುವುದಿಲ್ಲ.

ಈಗ ಮೀಟರ್. ಡಿಸಿ 10 ಆಂಪಿಯರ್ ಅಳೆಯುವ ಸಾಮಾನ್ಯ ಮಲ್ಟಿಮೀಟರ್ ಸಾಕು, ಪ್ರೋಬ್‌ಗಳಿಗೆ ಮೊಸಳೆ ಕ್ಲಿಪ್ ಇರಲಿ. ಕಪ್ಪು ವೈರ್ ‘ಕಾಮ್’ (COM) ಎಂದು ಬರೆದ ತೂತಿಗೆ, ಕೆಂಪು ವೈರ್ 10 ಆಂಪ್ ತೂತಿಗೆ. ಅಗ್ಗದ ಮೀಟರ್‌ಗಳಲ್ಲಿ ಆ ತೂತಿನ ಪಕ್ಕ ‘ಅನ್‌ಫ್ಯೂಸ್ಡ್’ ಎಂದು ಬರೆದಿರುತ್ತದೆ. ಒಳಗೆ ಫ್ಯೂಸ್ ಇಲ್ಲ, ತಪ್ಪು ಮಾಡಿದರೆ ವೈರೇ ಸುಡುತ್ತದೆ. ಅತಿ ಸಾಮಾನ್ಯ ತಪ್ಪು ಯಾವುದೆಂದರೆ ಕರೆಂಟ್ ಅಳೆದ ಮೇಲೆ ಕೆಂಪು ವೈರನ್ನು ಅದೇ ತೂತಿನಲ್ಲಿ ಮರೆತು, ವೋಲ್ಟೇಜ್ ನೋಡೋಣ ಎಂದು ಬ್ಯಾಟರಿಯ ಎರಡೂ ತುದಿಗೆ ಮುಟ್ಟಿಸುವುದು. ಅದು ನೇರ ಶಾರ್ಟ್. ಹೆಚ್ಚು ನಿಖರವಾಗಿರಲಿ ಎಂದು 200 ಮಿಲಿಯ ರೇಂಜ್‌ಗೂ ಹೋಗಬೇಡಿ. ಒಂದು ಮಾಡ್ಯೂಲ್ ಎಚ್ಚರವಾದರೆ ಸಾಕು, ಆ ರೇಂಜಿನ ಫ್ಯೂಸ್ ಹಾರುತ್ತದೆ.

ಬಾನೆಟ್ ತೆರೆಯಿರಿ. ಕಾರಿಗೆ ಅಲಾರಂ ಇದ್ದರೆ ಬಾನೆಟ್ ಲಾಚನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಸ್ಥಿತಿಗೆ ತನ್ನಿ. ಒಳಗಿನ ಫ್ಯೂಸ್ ಬಾಕ್ಸ್‌ಗೆ ಕೈಹಾಕಬೇಕಾದ್ದರಿಂದ ಡ್ರೈವರ್ ಬಾಗಿಲು ತೆರೆದೇ ಇರಬೇಕು, ಅದರ ಲಾಚನ್ನೂ ಹಾಗೆಯೇ ಒತ್ತಿ. ಬಾಗಿಲು ಮುಚ್ಚಿದೆ ಎಂದು ಕಾರು ತಿಳಿಯುತ್ತದೆ, ರೂಫ್ ಲೈಟ್ ಆರುತ್ತದೆ. ಮುಗಿದ ಮೇಲೆ ಹ್ಯಾಂಡಲ್ ಎಳೆದು ಲಾಚ್ ಬಿಡಿಸಿಯೇ ಬಾಗಿಲು ಹಾಕಬೇಕು. ಬಾನೆಟ್ಟಿಗೂ ಅದೇ ಮಾತು. ಮರೆತು ಬಡಿದರೆ ಲಾಚ್ ಹಾಳು. ಕೆಳಗಿಳಿಸಬೇಕಾದ ಕಿಟಕಿ ಇದ್ದರೆ ಮೊದಲೇ ಇಳಿಸಿ, ರಿಮೋಟ್‌ನಿಂದ ಲಾಕ್ ಮಾಡಿ, ಕೀಲಿಯನ್ನು ಮನೆಗೆ ಕಳಿಸಿಬಿಡಿ. ಕೀಲೆಸ್ ಕಾರಿನ ಕೀಲಿ ಜೇಬಿನಲ್ಲಿದ್ದರೆ ಕಾರು ಮಲಗುವುದೇ ಇಲ್ಲ, ಅಂದರೆ ಅದರ ಮಾಡ್ಯೂಲ್‌ಗಳು ಸುಮ್ಮನಾಗುವುದಿಲ್ಲ.

ಮೈನಸ್ ಕ್ಲಾಂಪ್ ನಟ್ ಸಡಿಲ ಮಾಡಿ, ಸಾಮಾನ್ಯವಾಗಿ 10ನೇ ನಂಬರ್ ಸ್ಪಾನರ್. ಕ್ಲಾಂಪನ್ನು ಇನ್ನೂ ಎತ್ತಬೇಡಿ. ಕೆಂಪು ಕ್ಲಿಪ್ ಕ್ಲಾಂಪಿಗೆ, ಕಪ್ಪು ಕ್ಲಿಪ್ ಬ್ಯಾಟರಿಯ ಮೈನಸ್ ಪೋಸ್ಟಿಗೆ ಹಾಕಿ, ಆಮೇಲೆ ಕ್ಲಾಂಪನ್ನು ನಿಧಾನವಾಗಿ ಎತ್ತಿ. ಕರೆಂಟ್ ಒಂದು ಕ್ಷಣವೂ ಕಡಿಯದೆ ಮೀಟರ್ ಮೂಲಕ ಹರಿಯತೊಡಗುತ್ತದೆ. ಕಡಿದರೆ ಎಲ್ಲ ಮಾಡ್ಯೂಲ್‌ಗಳೂ ಹೊಸದಾಗಿ ಎದ್ದು ಕೂರುತ್ತವೆ. ಮೀಟರ್ ಸಿಕ್ಕಿಸಿದ್ದಾಗ ಕೀಲಿ ತಿರುಗಿಸುವುದು, ಸೆಲ್ಫ್ ಹೊಡೆಯುವುದು ಯಾವುದೂ ಬೇಡ.

ಬಹಳಷ್ಟು ತಪ್ಪು ತೀರ್ಮಾನ ಹುಟ್ಟುವುದು ಇಲ್ಲಿಂದ ಮುಂದೆ. ಮೊದಲ ನಿಮಿಷದಲ್ಲಿ ಮೀಟರ್ ಒಂದು-ಎರಡು ಆಂಪಿಯರ್ ತೋರಿಸಬಹುದು. ಅದು ಸೋರಿಕೆಯಲ್ಲ, ಕಾರು ಇನ್ನೂ ಮಲಗಿಲ್ಲ ಅಷ್ಟೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಕೆಲವು ಕಾರು ಹತ್ತು ನಿಮಿಷಕ್ಕೆ ಮಲಗಿದರೆ ಕೆಲವಕ್ಕೆ ಅರ್ಧ ಗಂಟೆ, ಇನ್ನು ಕೆಲವಕ್ಕೆ ಅದಕ್ಕೂ ಹೆಚ್ಚು. ನಲವತ್ತು ನಿಮಿಷ ಮುಟ್ಟದೆ ಬಿಟ್ಟು, ಬಂದು ಬರೀ ಕಣ್ಣಲ್ಲಿ ಓದಿ. 0.03 ತೋರಿಸಿದರೆ ಸರಿಯಾಗಿದೆ. 0.20 ಹತ್ತಿರ ಸ್ಥಿರವಾಗಿ ನಿಂತಿದ್ದರೆ ಸಿಕ್ಕಿತು. 0.03ಕ್ಕೆ ಇಳಿದು ಆಗಾಗ ಒಂದು ಆಂಪಿಯರ್‌ಗೆ ಹಾರಿ ಮತ್ತೆ ಇಳಿಯುತ್ತಿದ್ದರೆ ಏನೋ ಒಂದು ಕಾರನ್ನು ಎಬ್ಬಿಸುತ್ತಿದೆ. ತುಕ್ಕು ಹಿಡಿದ ಬಾಗಿಲು ಸ್ವಿಚ್, ಡಯಾಗ್ನಾಸ್ಟಿಕ್ ಸಾಕೆಟ್ಟಿಗೆ ಚುಚ್ಚಿಟ್ಟ ಬ್ಲೂಟೂತ್ ಡಾಂಗಲ್, ಗೋಡೆಯಾಚೆಗೇ ನೇತುಹಾಕಿದ ಸ್ಮಾರ್ಟ್ ಕೀ, ಇವನ್ನು ಮೊದಲು ನೋಡಿ.

ಟರ್ಮಿನಲ್ ಬಿಚ್ಚಿ ಮತ್ತೆ ತಾಗಿಸಿ, ಚಟ್ ಎಂದು ಕಿಡಿ ಬಂದದ್ದು ತೋರಿಸಿ, ನೋಡಿ ಸಾರ್ ಲೀಕೇಜ್ ಇದೆ ಎನ್ನುವ ಎಲೆಕ್ಟ್ರಿಷಿಯನ್‌ಗಳು ಎಲ್ಲ ಊರಲ್ಲೂ ಸಿಗುತ್ತಾರೆ. ಇಸಿಯು ಇರುವ ಯಾವ ಕಾರಿನಲ್ಲೂ ಆ ಕಿಡಿ ಬಂದೇ ಬರುತ್ತದೆ, ಒಳಗಿನ ಕೆಪಾಸಿಟರ್‌ಗಳು ತುಂಬಿಕೊಳ್ಳುವ ಕಿಡಿ ಅದು. ಸರಣಿಯಲ್ಲಿ ಟೆಸ್ಟ್ ಬಲ್ಬ್ ಹಾಕುವ ಹಳೆಯ ಪದ್ಧತಿಯೂ ಈಗಿನ ಕಾರಿಗೆ ಒಗ್ಗುವುದಿಲ್ಲ. ಬಲ್ಬೇ ಒಂದಷ್ಟು ವೋಲ್ಟೇಜ್ ನುಂಗುವುದರಿಂದ ಮಾಡ್ಯೂಲ್‌ಗಳು ಸರಿಯಾಗಿ ಏಳುವುದೂ ಇಲ್ಲ, ಮಲಗುವುದೂ ಇಲ್ಲ.

200 ಮಿಲಿ ಖಚಿತವಾದ ಮೇಲೆ ಯಾವ ಸರ್ಕ್ಯೂಟ್ ಎಂದು ಹುಡುಕಬೇಕು. ಒಂದೊಂದೇ ಫ್ಯೂಸ್ ಕಿತ್ತು ನೋಡುವುದು ಎಲ್ಲರೂ ಹೇಳುವ ದಾರಿ. ನನಗೆ ಅದು ಕಡೆಯ ದಾರಿ. ಕಿತ್ತು ಮತ್ತೆ ಒತ್ತಿದಾಗ ಆ ಸರ್ಕ್ಯೂಟ್ ಎಚ್ಚರವಾಗುತ್ತದೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಅದೂ ಅಲ್ಲದೆ ಕಿತ್ತಾಗ ನಿಂತ ಸೋರಿಕೆ, ಹಾಕಿದ ಮೇಲೆ ಮರಳಿ ಬಾರದೆಯೂ ಇರಬಹುದು. ಸಿಕ್ಕಿಹಾಕಿಕೊಂಡಿದ್ದ ಮಾಡ್ಯೂಲ್ ರೀಸೆಟ್ ಆಗಿ ಆ ದಿನದ ಮಟ್ಟಿಗೆ ಸುಮ್ಮನಾಗಿರುತ್ತದೆ, ನೀವು ವಾಸಿಯಾಯಿತೆಂದು ಮನೆಗೆ ಹೋಗುತ್ತೀರಿ.

ಫ್ಯೂಸ್ ಮುಟ್ಟದೆಯೇ ನೋಡಬಹುದು. ಬ್ಲೇಡ್ ಫ್ಯೂಸ್‌ನ ತಲೆಯ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆ ಕಾಣುತ್ತವಲ್ಲ, ಅವು ಇರುವುದೇ ಇದಕ್ಕೆ. ಇನ್ನೊಂದು ಮೀಟರನ್ನು ಡಿಸಿ 200 ಮಿಲಿವೋಲ್ಟ್‌ಗೆ ಇಟ್ಟು ಎರಡೂ ಚುಕ್ಕೆಗೆ ಪ್ರೋಬ್ ತಾಗಿಸಿ. ಕರೆಂಟ್ ಹರಿಯದ ಫ್ಯೂಸ್ 0.0 ತೋರಿಸುತ್ತದೆ. 10 ಆಂಪಿಯರ್‌ನ ಮಿನಿ ಫ್ಯೂಸ್‌ನ ರೋಧ 7-8 ಮಿಲಿಓಮ್ ಇರುವುದರಿಂದ 1 ಮಿಲಿವೋಲ್ಟ್ ಕಂಡರೆ ಸುಮಾರು 130 ಮಿಲಿಆಂಪಿಯರ್. ಫ್ಯೂಸ್ ದೊಡ್ಡದಾದಷ್ಟೂ ರೋಧ ಕಡಿಮೆ, 20 ಆಂಪಿಯರ್‌ನದರಲ್ಲಿ ಅದೇ 1 ಮಿಲಿವೋಲ್ಟ್‌ಗೆ ಹೆಚ್ಚುಕಡಿಮೆ 300 ಮಿಲಿ. ಬಾನೆಟ್ ಕೆಳಗಿನ ಬಾಕ್ಸ್, ಡ್ಯಾಶ್‌ಬೋರ್ಡ್ ಕೆಳಗಿನ ಬಾಕ್ಸ್ ಎರಡನ್ನೂ ಹೀಗೆ ಮುಗಿಸಲು ಕಾಲು ಗಂಟೆ ಸಾಕು. ಯಾವ ಫ್ಯೂಸ್ ಯಾವುದಕ್ಕೆ ಎಂಬುದು ಸಾಮಾನ್ಯವಾಗಿ ಮುಚ್ಚಳದ ಒಳಮೈಯಲ್ಲೋ ಮ್ಯಾನ್ಯುಯಲ್‌ನಲ್ಲೋ ಇರುತ್ತದೆ. ಬಹಳ ಸಲ ಸಿಕ್ಕಿಬೀಳುವುದು ರೂಫ್ ಲೈಟ್, ಆಡಿಯೊ ಮೆಮೊರಿ, ಡಯಾಗ್ನಾಸ್ಟಿಕ್ ಸಾಕೆಟ್ ಎಲ್ಲಕ್ಕೂ ಒಟ್ಟಿಗೆ ಕೊಟ್ಟ ಫ್ಯೂಸ್. ಆಗ ಆ ಸರ್ಕ್ಯೂಟಿನ ಒಂದೊಂದು ಸಾಮಾನಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚುತ್ತಾ ಮೊದಲ ಮೀಟರಿನ ಮೇಲೆ ಕಣ್ಣಿಡಿ.

ನಿಮ್ಮ ಕಾರಿನಲ್ಲಿ ನನ್ನ ಮೊದಲ ಅನುಮಾನ ಡ್ಯಾಶ್‌ಕ್ಯಾಮ್. ಪಾರ್ಕಿಂಗ್ ಮೋಡ್‌ನಲ್ಲಿ 200ರಿಂದ 400 ಮಿಲಿ ಎಳೆಯುವುದು ಅವುಗಳಿಗೆ ಸಹಜ. ಹಾರ್ಡ್‌ವೈರ್ ಕಿಟ್‌ನ (ಡ್ಯಾಶ್‌ಕ್ಯಾಮನ್ನು ಕಾರಿನ ವೈರಿಂಗ್‌ಗೆ ನೇರ ಜೋಡಿಸುವ ಸಾಮಾನು) ಡಬ್ಬಿಯಲ್ಲಿ ಕಟ್-ಆಫ್ ವೋಲ್ಟೇಜ್ (ಬ್ಯಾಟರಿ ಎಷ್ಟಕ್ಕೆ ಇಳಿದಾಗ ಡ್ಯಾಶ್‌ಕ್ಯಾಮ್ ಆಫ್ ಆಗಬೇಕು ಎಂಬುದು) ಆರಿಸುವ ಸ್ವಿಚ್ ಇದ್ದರೆ 12.4ಕ್ಕೆ ಇಡಿ. 11.6ಕ್ಕೆ ಇಟ್ಟರೆ ಕಟ್-ಆಫ್ ಇದ್ದೂ ಇಲ್ಲದ ಹಾಗೆ, ಅಷ್ಟರಲ್ಲಿ ಬ್ಯಾಟರಿ ಮುಗಿದಿರುತ್ತದೆ. ಎರಡನೆಯದು ಸ್ಟೀರಿಯೊ. ಹಿಂದಿನ ಹಳದಿ ವೈರ್ ಸದಾ ಸಪ್ಲೈ, ಮೆಮೊರಿಗೆ. ಕೆಂಪು ವೈರ್ ಕೀಲಿ ತಿರುಗಿಸಿದಾಗ ಮಾತ್ರ ಬರುವ ಎಸಿಸಿ. ಕೀಲಿ ಇಲ್ಲದೆಯೂ ಹಾಡು ಬರಲಿ ಎಂದು ಎರಡನ್ನೂ ಸೇರಿಸಿ ಟೇಪ್ ಸುತ್ತಿಬಿಡುವ ಅಂಗಡಿಯವರಿದ್ದಾರೆ. ಹಾಗೆ ಮಾಡಿದ ಆಂಡ್ರಾಯ್ಡ್ ಸ್ಟೀರಿಯೊ ಪರದೆ ಕಪ್ಪಾಗಿದ್ದರೂ ಒಳಗೆ ಎಚ್ಚರವಾಗಿರುತ್ತದೆ. ಪರೀಕ್ಷೆ ಸುಲಭ: ಕೀಲಿ ಆಫ್ ಮಾಡಿ ಕೆಂಪು ವೈರಿನ ವೋಲ್ಟೇಜ್ ನೋಡಿ, 12 ಇದ್ದರೆ ತಪ್ಪು. ಆಂಪ್ಲಿಫೈಯರ್ ಹಾಕಿಸಿದ್ದರೆ ಅದರ ರಿಮೋಟ್ ಟರ್ಮಿನಲ್ ಸ್ಟೀರಿಯೊದ ನೀಲಿ-ಬಿಳಿ ವೈರಿಗೆ ಹೋಗಿರಬೇಕೇ ಹೊರತು ಸದಾ ಸಪ್ಲೈಗಲ್ಲ. ಬೇಸ್‌ಮೆಂಟಿನಲ್ಲಿ ನಿಲ್ಲುವ ಕಾರಿನ ಜಿಪಿಎಸ್ ಟ್ರ್ಯಾಕರ್ ಸಿಗ್ನಲ್ ಹುಡುಕುತ್ತಾ ನಿದ್ದೆಗೆಡುವುದೂ ಉಂಟು. ಫಾಸ್ಟ್ಯಾಗ್ ಮೇಲೆ ಮಾತ್ರ ಅನುಮಾನ ಬೇಡ, ಅದಕ್ಕೆ ಕಾರಿನಿಂದ ಒಂದು ತಂತಿಯೂ ಇಲ್ಲ.

ಗ್ಲೋವ್ ಬಾಕ್ಸ್, ಡಿಕ್ಕಿ ಲೈಟ್ ಮುಚ್ಚಿದಾಗ ಆರುತ್ತದೋ ಇಲ್ಲವೋ ಎಂಬ ಸಂಶಯಕ್ಕೆ ಫೋನನ್ನು ವೀಡಿಯೊ ಹಾಕಿ ಒಳಗಿಟ್ಟು ಮುಚ್ಚಿ. ಅಷ್ಟೇ.

ಎಲ್ಲ ಫ್ಯೂಸ್‌ಗಳೂ 0.0 ತೋರಿಸಿ ಮುಖ್ಯ ಮೀಟರ್ ಮಾತ್ರ 0.20ರಲ್ಲೇ ನಿಂತಿದ್ದರೆ, ಕರೆಂಟ್ ಹೋಗುತ್ತಿರುವುದು ಆ ಬಾಕ್ಸ್‌ಗಳನ್ನು ದಾಟದ ದಾರಿಯಲ್ಲಿ. ಪ್ಲಸ್ ಟರ್ಮಿನಲ್ಲಿನ ನಟ್ಟಿಗೆ ಎಷ್ಟು ವೈರ್ ಕೂತಿವೆ ನೋಡಿ. ಕಂಪನಿ ವೈರ್‌ಗಳು ಸುಕ್ಕುಸುಕ್ಕಾದ ಕೊಳವೆಯೊಳಗೆ ಅಚ್ಚುಕಟ್ಟಾಗಿರುತ್ತವೆ. ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿಕೊಂಡು ಪಕ್ಕಕ್ಕೆ ಓಡುವ ತೆಳು ವೈರ್ ಆಮೇಲೆ ಬಂದದ್ದು, ಹಾರ್ನ್ ರಿಲೇಗೋ ಫಾಗ್ ಲ್ಯಾಂಪಿಗೋ ಡ್ಯಾಶ್‌ಕ್ಯಾಮ್‌ಗೋ. ಉಳಿಯುವುದು ಆಲ್ಟರ್ನೇಟರ್. ಗ್ಯಾರೇಜಿನವರು 14 ವೋಲ್ಟ್ ಬರುತ್ತಿದೆ ನೋಡಿ ಸರಿ ಎಂದಿರುತ್ತಾರೆ, ಆದರೆ ಒಂದು ಡಯೋಡ್ ಹಿಮ್ಮುಖವಾಗಿ ಸೋರುತ್ತಿದ್ದರೂ 14 ಬರಬಹುದು. ಮೈನಸ್ ಕ್ಲಾಂಪನ್ನೂ ಮೀಟರನ್ನೂ ಪೂರ್ತಿ ಬಿಡಿಸಿದ ಮೇಲೆಯೇ ಆಲ್ಟರ್ನೇಟರಿನಿಂದ ಬ್ಯಾಟರಿಯ ಪ್ಲಸ್‌ಗೆ ಹೋಗುವ ದಪ್ಪ ಬಿ-ಪ್ಲಸ್ ವೈರ್ ಕಳಚಿ, ಅದರ ತುದಿಗೆ ಟೇಪ್ ಸುತ್ತಿ, ಮೀಟರ್ ಮತ್ತೆ ಹಾಕಿ ಕಾಯಿರಿ. ಸೋರಿಕೆ ಮಾಯವಾದರೆ ಡಯೋಡ್ ಪ್ಲೇಟ್ ಬದಲಿಸಿದರೆ ಸಾಕು, ಇಡೀ ಆಲ್ಟರ್ನೇಟರ್ ಬೇಕಿಲ್ಲ. ಇನ್ನೊಂದು ಸುಳಿವು: ಇಂಜಿನ್ ಚಾಲೂ ಇದ್ದಾಗ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಬ್ಯಾಟರಿಗೆ ಹಿಡಿದರೆ 0.5ಕ್ಕಿಂತ ಹೆಚ್ಚು ಬರಬಾರದು. ಅಗ್ಗದ ಮೀಟರ್‌ಗಳು ಎಸಿ ರೇಂಜಿನಲ್ಲಿ ಡಿಸಿಯನ್ನೂ ಸೇರಿಸಿ ಸುಳ್ಳು ಹೇಳುತ್ತವೆ. ಇಂಜಿನ್ ಆಫ್ ಇದ್ದಾಗಲೇ ಅದರಲ್ಲಿ ಏನಾದರೂ ಕಂಡರೆ ಆ ಮೀಟರಿನ ಮಾತು ನಂಬಬೇಡಿ.

ಸೋರಿಕೆ ಸಿಗುವವರೆಗೆ ಕಾರು ನಿಲ್ಲಿಸಿ ಊರಿಗೆ ಹೋಗಬೇಕಾದರೆ ಮೈನಸ್ ಬಿಚ್ಚಿಟ್ಟು ಹೋಗಿ. ಬಂದ ಮೇಲೆ ಗಡಿಯಾರ, ಕಿಟಕಿಯ ಆಟೊ ಸೆಟ್ಟಿಂಗ್ ಮತ್ತೆ ಮಾಡಬೇಕಾಗುತ್ತದೆ, ಕೆಲವು ಸ್ಟೀರಿಯೊ ಕೋಡ್ ಕೇಳುತ್ತವೆ. ಡಿಕ್ಕಿ ಎಲೆಕ್ಟ್ರಿಕ್ ಲಾಕಿನದಾದರೆ ಬೇಕಾದ್ದನ್ನು ಮೊದಲೇ ತೆಗೆದಿಟ್ಟುಕೊಳ್ಳಿ, ಬಾನೆಟ್ ತೆರೆಯಲು ಡ್ರೈವರ್ ಬಾಗಿಲನ್ನು ಕೀಲಿಯಿಂದಲೇ ತೆರೆಯಬೇಕು ಎಂಬುದೂ ನೆನಪಿರಲಿ.